ಜೀಪು ಮಾರಿದ್ದು

ಕೊಳ್ಳುವ ವಿಷಯದಲ್ಲಿ ಬುದ್ಧಿವಾದಕ್ಕೆ ಈ ಲೋಕದಲ್ಲಿ ಬಡತನವಿಲ್ಲ. ಬದನೆಕಾಯಿಯನ್ನು ಹೇಗೆ ಒತ್ತಿ ನೋಡಬೇಕು, ಎತ್ತಿನ ಹಲ್ಲನ್ನು ಹೇಗೆ ಎಣಿಸಬೇಕು, ಸೀರೆಯ ಸೆರಗನ್ನು ಯಾವ ಬೆಳಕಿಗೆ ಹಿಡಿಯಬೇಕು ಎಂದು ಹೇಳಿಕೊಡುವವರು ಮನೆಗೊಬ್ಬರಾದರೂ ಇದ್ದಾರೆ. ಆದರೆ ಮಾರುವುದು ಹೇಗೆಂದು ಹೇಳಿಕೊಡುವವರು ವಿರಳ. ವ್ಯಾಪಾರವೇ ಕಸುಬಾದವರ ಮಾತು ಬೇರೆ. ಅವರು ಕೊಳ್ಳುವಾಗಲೇ ಮಾರಾಟವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಲವತ್ತು ವರ್ಷ ಮನೆಯಲ್ಲಿದ್ದ ವಸ್ತುವೊಂದನ್ನು ಮಾರಬೇಕಾಗಿ ಬಂದ ಗೃಹಸ್ಥನಿಗೆ ದಾರಿ ತೋರಿಸುವ ಗ್ರಂಥ ಮಾತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ತರಗತಿಯಲ್ಲಿ ನಾನು ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಪಾಠ ಹೇಳುವುದುಂಟು. ಅಲ್ಲಿ ರಾಜನಾದವನು ಕಾಶಿಯ ಬೀದಿಯಲ್ಲಿ ನಿಂತು ಹೆಂಡತಿಯನ್ನೂ ಮಗನನ್ನೂ ಮಾರುತ್ತಾನೆ. ಕೊನೆಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಮಾರಾಟದ ಸಂಕಟವನ್ನು ಅದಕ್ಕಿಂತ ಮೇಲಾಗಿ ಹೇಳಿದವರಿಲ್ಲ. ಆದರೆ ಹರಿಶ್ಚಂದ್ರನಿಗೆ ಒಂದು ಅನುಕೂಲವಿತ್ತು: ಸಾಲದ ಗಡುವು ತಲೆಯ ಮೇಲೆ ತೂಗುತ್ತಿತ್ತು, ಬಂದ ಗಿರಾಕಿ ಯಾರು, ಎಂಥವನು ಎಂದು ಯೋಚಿಸುವ ವ್ಯವಧಾನವಿರಲಿಲ್ಲ. ನನಗೆ ಗಡುವಿರಲಿಲ್ಲ, ಗಿರಾಕಿಗಳು ಮೂವರು ಬಂದರು. ತೊಡಕು ಪ್ರಾರಂಭವಾದದ್ದೇ ಅಲ್ಲಿ.

ಮಾರಬೇಕಾಗಿದ್ದದ್ದು ಒಂದು ಹಳೆಯ ಜೀಪು. ತೀರ್ಥಹಳ್ಳಿ ತಾಲ್ಲೂಕಿನ ಒಳಗೊಂದು ಹಳ್ಳಿ ನಮ್ಮದು. ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ೧೯೮೪ರಲ್ಲಿ, ನನಗೆ ಮೂರು ವರ್ಷವಾಗಿದ್ದಾಗ, ಅಪ್ಪಯ್ಯ ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ ಅದನ್ನು ತಂದರು. ಹುಟ್ಟಿದ್ದು ೧೯೬೯ರಲ್ಲಿ, ಆದ್ದರಿಂದ ಅದರ ನಂಬರು 'ಎಂ.ವೈ.' ಎಂದು ಪ್ರಾರಂಭವಾಗುತ್ತಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದದ್ದು ೧೯೭೩ರಲ್ಲಲ್ಲವೆ? ಜೀಪು ಅದಕ್ಕೂ ನಾಲ್ಕು ವರ್ಷ ಹಿರಿಯದು. ಮೈಸೂರು ಸಂಸ್ಥಾನದ ಹೆಸರನ್ನು ಹಣೆಯ ಮೇಲೆ ಹೊತ್ತುಕೊಂಡು ಅದು ನಮ್ಮ ಅಂಗಳಕ್ಕೆ ಬಂದಾಗ, ಸೆಕೆಂಡ್ ಹ್ಯಾಂಡ್ ಗಾಡಿ ಎಂದು ಮೂಗು ಮುರಿದವರೂ ಇದ್ದರಂತೆ. ಅಪ್ಪಯ್ಯ ಅವರಿಗೆ ಕೊಟ್ಟ ಉತ್ತರ ನಮ್ಮ ಕಡೆ ಬಹಳ ದಿನ ಓಡಾಡಿತು: "ಪುಷ್ಪಕವಿಮಾನ ಎಷ್ಟನೇ ಹ್ಯಾಂಡು? ಕುಬೇರಂದು ರಾವಣ ಕಿತ್ಕೊಂಡ. ರಾವಣಂದ್ರಲ್ಲಿ ರಾಮ ಕೂತ. ರಾಮನಿಗೇ ಆಗಿದ್ದು ನಮಗಾಗಲ್ವಾ?"

ಜೀಪಿನ ವಂಶಾವಳಿಯೂ ಸಾಮಾನ್ಯವಾದದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಆಯುಧಗಳಿಗೆ ಕೆಲಸ ತಪ್ಪಿತು. ಜೀಪಿಗೆ ಮಾತ್ರ ತಪ್ಪಲಿಲ್ಲ. ರೈತರ, ತೋಟಗಾರರ ಉಪಯೋಗಕ್ಕೆಂದು ವಿಲ್ಲಿಸ್ ಕಂಪನಿ ಮಾಡಿದ ಜೀಪುಗಳಿಗೆ 'ಸಿ.ಜೆ.' ಎಂದು ಹೆಸರು. 'ಸಿವಿಲಿಯನ್ ಜೀಪ್' ಎಂಬುದರ ಮೊದಲಕ್ಷರಗಳು ಅವು. ನಾಗರಿಕ ಜೀಪು ಎನ್ನೋಣ. ಸಿಪಾಯಿ ಕೆಲಸ ಬಿಟ್ಟು ಬಂದು ಸಂಸಾರ ಹೂಡಿದ ಹಾಗೆ. ೧೯೪೭ರಲ್ಲಿ ಮಹೀಂದ್ರ ಕಂಪನಿಯವರು ಬಿಡಿಭಾಗಗಳನ್ನು ತರಿಸಿ ನಮ್ಮ ದೇಶದಲ್ಲಿ ಜೀಪು ಜೋಡಿಸಲು ಪ್ರಾರಂಭಿಸಿದರು. ಮುಂದೆ ಇಲ್ಲಿಯೇ ತಯಾರಿಸಿದರು. ನಮ್ಮದು 'ಸಿ.ಜೆ. ೩ಬಿ' ಎಂಬ ಮಾದರಿ. ಅಮೆರಿಕದಲ್ಲಿ ಅದು ೧೯೫೩ರಲ್ಲಿ ಬಂದು ೧೯೬೮ರಲ್ಲಿ ನಿಂತಿತು. ಇಲ್ಲಿ ಅದರ ಸಂತತಿ ಆ ಮೇಲೂ ದಶಕಗಳ ಕಾಲ ಬೆಳೆಯಿತು. ಆ ಮಾದರಿಯ ಗುರುತು ಅದರ ಎತ್ತರವಾದ ಬಾನೆಟ್ಟು. ಒಳಗಿರುವ 'ಹರಿಕೇನ್' ಎಂಜಿನ್ನಿನಲ್ಲಿ ಒಳಗೆ ಎಳೆದುಕೊಳ್ಳುವ ವಾಲ್ವುಗಳು ತಲೆಯಲ್ಲಿವೆ, ಹೊಗೆ ಬಿಡುವ ವಾಲ್ವುಗಳು ಪಕ್ಕದಲ್ಲಿ ಬ್ಲಾಕಿನಲ್ಲಿವೆ. ಇದರಿಂದ ಎಂಜಿನ್ನು ಎತ್ತರವಾಯಿತು. ಎಂಜಿನ್ನಿಗೆ ತಕ್ಕಂತೆ ಬಾನೆಟ್ಟೂ ಎದ್ದಿತು. ಹಣೆ ದೊಡ್ಡದಾದವರು ಬುದ್ಧಿವಂತರೆಂದು ನಮ್ಮಲ್ಲಿ ನಂಬಿಕೆಯಿದೆ. ಚಿಕ್ಕಂದಿನಲ್ಲಿ ನಾನು ನಮ್ಮ ಜೀಪನ್ನು ಆ ವರ್ಗಕ್ಕೆ ಸೇರಿಸಿದ್ದೆ.

ಅದನ್ನು ನಡೆಸುವುದು ಒಂದು ವಿದ್ಯೆ. ನೆಲದಿಂದ ಮೂರು ಕಬ್ಬಿಣದ ಕೋಲುಗಳು ಎದ್ದು ನಿಂತಿರುತ್ತವೆ. ಒಂದು ಗೇರಿನದು. ಎರಡನೆಯದನ್ನು ಎಳೆದರೆ ಮುಂದಿನ ಚಕ್ರಗಳೂ ಕೆಲಸಕ್ಕೆ ಇಳಿಯುತ್ತವೆ. ಮೂರನೆಯದು ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. ಬ್ಯಾಟರಿ ಕೈಕೊಟ್ಟ ದಿನ ಮುಂದಿನಿಂದ ಹ್ಯಾಂಡಲ್ ಹೊಡೆಯಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಜೊತೆಯಲ್ಲೇ ಒಂದೇ ಕಡೆ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ, ಎಂಜಿನ್ನು ಹಿಂದಕ್ಕೆ ಒದೆಯುವಾಗ ಬೆರಳು ಮುರಿಯುತ್ತದೆ. ಓಲೆಗರಿಯ ಮೇಲೆ ಕಂಠ ಹಿಡಿಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅಪ್ಪಯ್ಯ ನನಗೆ ಈ ಹಿಡಿತವನ್ನು ಕಲಿಸಿದರು. ನಾನು ಕಲಿತ ವಿದ್ಯೆಗಳಲ್ಲಿ ಪರೀಕ್ಷೆಯಿಲ್ಲದೆ ಪ್ರಯೋಜನಕ್ಕೆ ಬಂದದ್ದು ಅದೊಂದೇ.

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಜೀಪಿನ ಬೆಲೆ ಹೇಳಬೇಕಾದ್ದಿಲ್ಲ. ಆಗುಂಬೆಯ ಸೀಮೆಯ ಮಳೆ ಅದು. ಜೂನಿನಲ್ಲಿ ಹಿಡಿದರೆ ನವರಾತ್ರಿಯವರೆಗೂ ಅಂಗಳ ಒಣಗುವುದಿಲ್ಲ. ಆಗ ನಮ್ಮ ಮನೆಗೆ ಬರುವ ಎರಡು ಮೈಲಿ ಮಣ್ಣುದಾರಿ ದಾರಿಯೆಂಬ ಹೆಸರನ್ನು ಬಿಟ್ಟುಕೊಡುತ್ತಿತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ, ಸುಣ್ಣ, ತೋಟಕ್ಕೆ ಗೊಬ್ಬರ, ಮಂಡಿಗೆ ಅಡಿಕೆ ಚೀಲ, ಮದುವೆಗೆ ಅಡಿಗೆಯವರು ಮತ್ತು ಅವರ ಕೊಪ್ಪರಿಗೆ, ಚುನಾವಣೆಯ ದಿನ ನಡೆಯಲಾರದ ಮುದುಕರು: ಎಲ್ಲಕ್ಕೂ ಜೀಪೇ. ಹಿಂದೆ ಕೂಡುವ ಎರಡು ಉದ್ದ ಸೀಟುಗಳಲ್ಲಿ ಆರು ಜನ ಎಂದು ಲೆಕ್ಕ. ಹದಿನಾಲ್ಕು ಜನ ಕೂತದ್ದನ್ನು ನಾನೇ ಎಣಿಸಿದ್ದೇನೆ. ಊರಿನಲ್ಲಿ ಬೇರೆ ವಾಹನವಿಲ್ಲದ ಆ ದಿನಗಳಲ್ಲಿ ಅದು ನಮ್ಮ ಜೀಪೆಂದು ಕಾಗದದಲ್ಲಿತ್ತೇ ಹೊರತು ಬಳಕೆಯಲ್ಲಿ ಊರಿನದಾಗಿತ್ತು. ರಾತ್ರಿ ಹೊತ್ತು ಅಂಗಳದಲ್ಲಿ ಬ್ಯಾಟರಿಯ ಬೆಳಕು ಅಲ್ಲಾಡಿದರೆ ಅಪ್ಪಯ್ಯ ಯಾರು, ಏನು ಎಂದು ಕೇಳುವ ಮೊದಲೇ ಅಂಗಿಗೆ ಕೈ ಹಾಕುತ್ತಿದ್ದರು. ಬಸುರಿಯರನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದ ಸಲಗಳನ್ನು ಅವರು ಲೆಕ್ಕವಿಟ್ಟಿರಲಿಲ್ಲ. ದಾರಿಯಲ್ಲಿಯೇ ಹುಟ್ಟಿದ ಹುಡುಗಿಯೊಬ್ಬಳು ಇವತ್ತಿಗೂ ನಮ್ಮ ಕಡೆ 'ಜೀಪಿನ ಹುಡುಗಿ'ಯೇ. ಅವಳ ಮಗನೇ ಈಗ ಹೈಸ್ಕೂಲಿನಲ್ಲಿದ್ದಾನೆ.

ಎಲ್ಲ ಸಲವೂ ಹಾಗಾಗಲಿಲ್ಲ. ೧೯೯೧ರ ಜುಲೈನಲ್ಲಿ ಒಂದು ರಾತ್ರಿ ಆಚೆ ದಿಂಬದ ಮನೆಯ ಏಳು ವರ್ಷದ ಮಗುವಿಗೆ ಹಾವು ಕಚ್ಚಿತು. ಮಗುವಿನ ತಾಯಿ ಬಾಣಂತಿ. ಅಪ್ಪ ಘಟ್ಟದ ಕೆಳಗೆ ಹೋಗಿದ್ದ. ಅಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹಳ್ಳ ಸಂಕದ ಮೇಲೆ ಉಕ್ಕಿ ಹರಿಯುತ್ತಿತ್ತು. ಅಂಥ ನೀರಿಗೆ ಇಳಿಯುವ ಮೊದಲು ಫ್ಯಾನಿನ ಬೆಲ್ಟನ್ನು ಬಿಚ್ಚಬೇಕು; ಇಲ್ಲವಾದರೆ ಫ್ಯಾನು ನೀರನ್ನು ಎತ್ತಿ ಎಂಜಿನ್ನಿನ ಮೇಲೆಲ್ಲ ಎರಚುತ್ತದೆ, ಪ್ಲಗ್ಗು ಒದ್ದೆಯಾಗಿ ಗಾಡಿ ಹಳ್ಳದ ನಡುವೆ ನಿಲ್ಲುತ್ತದೆ. ಅಪ್ಪಯ್ಯ ಮಳೆಯಲ್ಲಿ, ಲಾಟೀನಿನ ಬೆಳಕಿನಲ್ಲಿ, ಬೆಲ್ಟು ಬಿಚ್ಚಿ ಹಳ್ಳ ದಾಟಿಸಿದರು. ಆಚೆ ದಡದಲ್ಲಿ ಮತ್ತೆ ಕಟ್ಟಿದರು. ತೀರ್ಥಹಳ್ಳಿಯ ದೀಪಗಳು ಕಾಣುವ ಹೊತ್ತಿಗೆ ಮಗು ಹೋಗಿತ್ತು. ಬೆಲ್ಟು ಬಿಚ್ಚಿ ಕಟ್ಟುವುದಕ್ಕೆ ಹಿಡಿದ ಹೊತ್ತಿನ ವಿಷಯವಾಗಿ ಅಪ್ಪಯ್ಯ ಯಾರೊಡನೆಯೂ ಮಾತಾಡಲಿಲ್ಲ. ಅಮ್ಮ ಆಮೇಲೆ ಆ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಹಿಂದೆ, ಚೀಲಗಳ ನಡುವೆಯಾದರೂ ಸರಿ, ಅಲ್ಲೇ ಕೂರುತ್ತಿದ್ದಳು.

೧೯೯೬ರಲ್ಲಿ ಜೀಪಿಗೆ ಹೃದಯ ಬದಲಾಯಿತು. ಪೆಟ್ರೋಲಿನ ಖರ್ಚನ್ನು ತಾಳಲಾರದೆ ಮಲೆನಾಡಿನ ಅನೇಕರು ಮಾಡಿದ್ದನ್ನೇ ಅಪ್ಪಯ್ಯನೂ ಮಾಡಿದರು. ಮಹೀಂದ್ರದವರ ಮುಂದಿನ ಜೀಪುಗಳಲ್ಲಿ ಬರುತ್ತಿದ್ದ ಪ್ಯೂಜೊ ಡೀಸೆಲ್ ಎಂಜಿನ್ನೊಂದನ್ನು ಹುಡುಕಿ ತಂದು, ಗ್ಯಾರೇಜಿನ ಮೇಸ್ತ್ರಿಯಿಂದ ಕೂರಿಸಿ, ಆರ್.ಸಿ. ಪುಸ್ತಕದಲ್ಲಿ ಬರೆಸಿದರು. ತೆಗೆದ ಹರಿಕೇನ್ ಎಂಜಿನ್ನನ್ನು ಗುಜರಿಗೆ ಹಾಕಲು ಅವರ ಮನಸ್ಸು ಬರಲಿಲ್ಲ. ಗೋಣಿಯಲ್ಲಿ ಸುತ್ತಿ, ಮೇಲೆ ಎಣ್ಣೆ ಸವರಿ, ಕೊಟ್ಟಿಗೆಯ ಮೂಲೆಯಲ್ಲಿಟ್ಟರು. ಅದು ಅಲ್ಲಿಯೇ ಇಪ್ಪತ್ತೆಂಟು ವರ್ಷ ಮಲಗಿತ್ತು.

ಕಾಲ ಕಳೆಯಿತು. ದಾರಿಗೆ ಮೊದಲು ಜಲ್ಲಿ ಬಿತ್ತು, ಆಮೇಲೆ ಟಾರು, ಕೊನೆಗೆ ಏರಿನಲ್ಲಿ ಕಾಂಕ್ರೀಟು. ಹಳ್ಳಕ್ಕೆ ಎತ್ತರದ ಸೇತುವೆಯಾಯಿತು. ೨೦೦೮ರಲ್ಲಿ ರಾಜ್ಯದಲ್ಲಿ ೧೦೮ರ ಆಂಬುಲೆನ್ಸ್ ಪ್ರಾರಂಭವಾದ ಮೇಲೆ ರಾತ್ರಿ ಅಂಗಳದಲ್ಲಿ ಬ್ಯಾಟರಿ ಬೆಳಕು ಕಾಣುವುದು ಕಡಮೆಯಾಗುತ್ತ ಬಂದು ನಿಂತೇಹೋಯಿತು. ಮನೆಮನೆಗೆ ಕಾರು ಬಂದಿತು. ಜೀಪು ತೋಟದ ಕೆಲಸಕ್ಕೆ ಇಳಿಯಿತು. ೨೦೨೧ರಲ್ಲಿ ಅಪ್ಪಯ್ಯ ತೀರಿಕೊಂಡರು. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವನು. ಶನಿವಾರ ಹೋದರೆ ಭಾನುವಾರ ಹಿಂದಿರುಗಬೇಕು. ವಾರಕ್ಕೊಮ್ಮೆ ಜೀಪನ್ನು ಅಂಗಳದಲ್ಲಿ ಎರಡು ಸುತ್ತು ಹಾಕಿಸುವುದೇ ಅದರ ಸೇವೆಯಾಯಿತು. ಉತ್ಸವಮೂರ್ತಿಯನ್ನು ಪ್ರಾಕಾರದಲ್ಲಿ ಸುತ್ತಿಸುವ ಹಾಗೆ. ಮೂರ್ತಿಗೆ ತುಕ್ಕು ಹಿಡಿಯುವುದಿಲ್ಲ, ಇದಕ್ಕೆ ಹಿಡಿಯತೊಡಗಿತು. ನೆಲದ ತಗಡಿನಲ್ಲಿ ಒಂದು ತೂತಾಗಿ, ಕೂತವರಿಗೆ ಭೂಮಿ ಕಾಣುವಂತಾಯಿತು.

ಮಾರುವುದೆಂದು ತೀರ್ಮಾನಿಸಿದ ಮೇಲೆ ಗೊತ್ತಾಯಿತು, ಮಾರುವ ಹಕ್ಕೇ ನನಗಿಲ್ಲವೆಂದು. ಆರ್.ಸಿ. ಇದ್ದದ್ದು ಅಪ್ಪಯ್ಯನ ಹೆಸರಿನಲ್ಲಿ. ಒಡೆಯನು ಸತ್ತರೆ ವಾರಸುದಾರರ ಹೆಸರಿಗೆ ವರ್ಗಾಯಿಸುವುದಕ್ಕೆ ೩೧ನೆಯ ನಮೂನೆ ಎಂಬುದೊಂದಿದೆ. ಅದರ ಜೊತೆಗೆ ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಅಕ್ಕನೂ ನಾನೂ ಒಪ್ಪಿಗೆ ಬರೆದುಕೊಟ್ಟೆವು. ೨೦೨೩ರಲ್ಲಿ ಜೀಪು ಅಮ್ಮನ ಹೆಸರಿಗಾಯಿತು. ಹದಿನೈದು ವರ್ಷ ಮೀರಿದ ಗಾಡಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕಾದ್ದು ನಿಯಮ. ೨೦೨೨ರ ಏಪ್ರಿಲ್ ೧ರಿಂದ ಅದರ ಶುಲ್ಕ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತ್ತು. ಅದನ್ನೂ ಕಟ್ಟಿದ್ದಾಯಿತು. ಎಪ್ಪತ್ತಮೂರು ವರ್ಷದ ಅಮ್ಮ, ಸ್ಟಿಯರಿಂಗ್ ಮುಟ್ಟಿದವಳಲ್ಲ, ಕಾನೂನಿನ ಪ್ರಕಾರ ಜೀಪಿನ ಒಡತಿಯಾದಳು. ಕಾರ್ಡನ್ನು ಅವಳ ಕೈಗೆ ಕೊಟ್ಟಾಗ ತಿರುಗಿಸಿ ನೋಡಿ, "ಹಂಗಾದ್ರೆ ಇದನ್ನ ಯಾರಿಗೆ ಕೊಡ್ಬೇಕು ಅಂತ ನಾನೇ ಹೇಳ್ಬೋದು" ಎಂದಳು. ನಾನು ನಗುತ್ತ ಹೌದೆಂದೆ.

ಮೊದಲು ಬಂದವನು ಗುಜರಿಯವನು. ಅವನಿಗೆ ಗಾಡಿಯ ಮಾದರಿ, ವಯಸ್ಸು, ನಂಬರು ಯಾವುದೂ ಬೇಕಿರಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು, ಸುಮಾರು ಒಂದು ಟನ್ನು ತೂಗೀತೆಂದು ಅಂದಾಜು ಹೇಳಿ, ಕಿಲೋಕ್ಕೆ ಇಷ್ಟೆಂದ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್ಲವನ್ನೂ ತೂಕದಲ್ಲಿ ನೋಡುವವನಲ್ಲಿ ಒಂದು ವೈರಾಗ್ಯವಿರುತ್ತದೆ. ಪುಸ್ತಕಗಳನ್ನೂ ಹಾಗೆಯೇ ಕೊಳ್ಳುತ್ತಾನೆ. ವಿದ್ವತ್ಪೂರ್ಣವಾದ ಗ್ರಂಥಗಳಿಗೆ ಹೆಚ್ಚು ದುಡ್ಡು ಕೊಡುವವನೂ ಅವನೊಬ್ಬನೇ, ಏಕೆಂದರೆ ಅವು ದಪ್ಪ. ಅಮ್ಮ ಅವನಿಗೆ ಕಾಫಿ ಕೊಟ್ಟು ಕಳುಹಿಸಿದಳು.

ಎರಡನೆಯವರು ಬೆಂಗಳೂರಿನವರು, ಗಣಕಯಂತ್ರದ ಕಂಪನಿಯೊಂದರಲ್ಲಿ ಕೆಲಸ, ಐವತ್ತರ ಸಮೀಪದ ವಯಸ್ಸು, ಹಳೆಯ ಜೀಪುಗಳ ಹುಚ್ಚು. ಬಂದವರೇ ಬೂಟು ಕಳಚಿ, ಅಂಗಳದ ನೆಲದಲ್ಲಿ ಅಂಗಾತ ಮಲಗಿ ಜೀಪಿನ ಕೆಳಗೆ ಸೇರಿಕೊಂಡರು. ಅರ್ಧ ಗಂಟೆ ನಮಗೆ ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಹೊರಗೆ ಬಂದು ಜಾಲರಿಯ ಸೀಳುಗಳನ್ನು ಎಣಿಸಿದರು. ಯುದ್ಧದ ಜೀಪಿಗೆ ಒಂಬತ್ತು, ನಾಗರಿಕ ಜೀಪಿಗೆ ಏಳು ಎಂದು ಆಗ ನನಗೆ ತಿಳಿಯಿತು. ನಲವತ್ತು ವರ್ಷ ನಾವು ಆ ಸೀಳುಗಳನ್ನು ಒರೆಸಿದ್ದೆವೇ ಹೊರತು ಎಣಿಸಿರಲಿಲ್ಲ. ಡೀಸೆಲ್ ಎಂಜಿನ್ನನ್ನು ನೋಡಿ ಅವರ ಮುಖ ಸಣ್ಣದಾಯಿತು. ಕೊಟ್ಟಿಗೆಯ ಮೂಲೆಯ ಗೋಣಿಯನ್ನು ಬಿಚ್ಚಿ ತೋರಿಸಿದೆ. ಹೊಲ ಉಳುವಾಗ ಶಾಸನ ಸಿಕ್ಕಿದ ಸಂಶೋಧಕನ ಸಂತೋಷವನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ; ಕಣ್ಣಾರೆ ನೋಡಿದ್ದು ಅವತ್ತು.

ಅವರ ಮಾತು ಕೇಳುತ್ತ ಕೇಳುತ್ತ ನನಗೆ ನಮ್ಮ ಗ್ರಂಥಸಂಪಾದನಶಾಸ್ತ್ರವೇ ನೆನಪಾಯಿತು. ಅವರಿಗೆ ಬೇಕಾದದ್ದು ಮೂಲಪಾಠ. ಡೀಸೆಲ್ ಎಂಜಿನ್ನು ಪ್ರಕ್ಷಿಪ್ತ, ತೆಗೆಯತಕ್ಕದ್ದು. ಅಪ್ಪಯ್ಯ ಮಳೆಗೆಂದು ಹಾಕಿಸಿದ ತಗಡಿನ ಬಾಗಿಲು ಲಿಪಿಕಾರನ ಸೇರ್ಪಡೆ; ಕಿತ್ತುಹಾಕತಕ್ಕದ್ದು. ಎಡಗಡೆಯ ಮಡ್ಗಾರ್ಡಿನ ತಗ್ಗು ಲೋಪ, ತಟ್ಟಿ ಸರಿಪಡಿಸತಕ್ಕದ್ದು. ಬಣ್ಣ ಕೆರೆದು ಕೆರೆದು, ೧೯೬೯ರಲ್ಲಿ ಕಾರ್ಖಾನೆ ಬಿಟ್ಟಾಗ ಏನಿತ್ತೋ ಅದನ್ನು ಕಂಡುಹಿಡಿಯಬೇಕು. ಶಾಸ್ತ್ರವಾಗಿ ಇದರಲ್ಲಿ ತಪ್ಪಿಲ್ಲ. ನಾನು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಆದರೆ ನಮ್ಮ ಸಂಸಾರವೆಲ್ಲ ಇರುವುದು ಆ ಪ್ರಕ್ಷಿಪ್ತ ಭಾಗದಲ್ಲಿ! ಮೂಲಪಾಠ ಸಿದ್ಧವಾದ ದಿನ ಅದರಲ್ಲಿ ಅಪ್ಪಯ್ಯ ಇರುವುದಿಲ್ಲ.

ಇನ್ನೊಂದು ವಿಷಯವನ್ನೂ ಅವರು ತಿಳಿಸಿದರು. ೨೦೨೧ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ಒಂದು ನಿಯಮ ಮಾಡಿದೆ. ಐವತ್ತು ವರ್ಷ ತುಂಬಿ, ಚಾಸಿ, ಮೈ, ಎಂಜಿನ್ನು ಹೆಚ್ಚು ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ಗಾಡಿಗಳಿಗೆ 'ವಿಂಟೇಜ್' ಎಂಬ ಪದವಿ. ಹೊಸದಾಗಿ ನೋಂದಾಯಿಸುವವಕ್ಕೆ 'ವಿ.ಎ.' ಅಕ್ಷರಗಳ ನಂಬರು; ಮೊದಲೇ ನೋಂದಣಿಯಾದವು ತಮ್ಮ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಪದವಿ ಬಂದಮೇಲೆ ದಿನನಿತ್ಯದ ಓಡಾಟ ನಿಷಿದ್ಧ. ಪ್ರದರ್ಶನಕ್ಕೆ, ಸಂಶೋಧನೆಗೆ, ಹಳೆಯ ವಾಹನಗಳ ಮೆರವಣಿಗೆಗೆ, ಎಣ್ಣೆ ಹಾಕಿಸುವುದಕ್ಕೆ ಮತ್ತು ರಿಪೇರಿಗೆ ಮಾತ್ರ ಹೊರಬೀಳಬಹುದು. ನಿವೃತ್ತರಾದ ದೊಡ್ಡ ಮನುಷ್ಯರನ್ನು ಸಭೆಗೆ ಕರೆದು ಶಾಲು ಹೊದಿಸಿ, ಮಾತಾಡುವುದಕ್ಕೆ ಮಾತ್ರ ಬಿಡದೆ ಕೂರಿಸುವುದನ್ನು ನೀವು ನೋಡಿರಬಹುದು. ಇದೂ ಅಂಥದೇ ಒಂದು ಮರ್ಯಾದೆ.

ಮೂರನೆಯವನು ಪಕ್ಕದೂರಿನ ಯುವಕ. ಗುಡ್ಡದ ಓರೆಯಲ್ಲಿ ಹೊಸದಾಗಿ ಅಡಿಕೆ ಹಾಕಿದ್ದಾನೆ. ಮನೆಗೆ ಇನ್ನೂ ಸರಿಯಾದ ದಾರಿಯಿಲ್ಲ. ಗೊಬ್ಬರ, ನೀರಿನ ಡ್ರಮ್ಮು, ಸಸಿಗಳನ್ನು ಮೇಲಕ್ಕೆ ಸಾಗಿಸಬೇಕು. ಹೊಸ ಗಾಡಿ ಕೊಳ್ಳುವ ಚೈತನ್ಯವಿಲ್ಲ. ಬೆಂಗಳೂರಿನವರು ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೇಳಿದ. ಅದರಲ್ಲೂ ಅರ್ಧ ಈಗ, ಉಳಿದರ್ಧ ಅಡಿಕೆ ಮಾರಿದ ಮೇಲೆ. "ಮೇಷ್ಟ್ರೇ, ನಿಮ್ಮಪ್ಪಯ್ಯ ನಮ್ಮಜ್ಜಿನ ಇದ್ರಲ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು. ಇದ್ರ ಕೆಲ್ಸ ನಂಗೆ ಗೊತ್ತು. ಷೋಕಿಗೆ ಕೇಳ್ತಿಲ್ಲ" ಎಂದ.

ನನ್ನ ಮನಸ್ಸು ಪೂರ್ತಿಯಾಗಿ ಅವನ ಕಡೆಗೆ ವಾಲಿತು. ಹಣದ ಮಾತು ಇರಲಿ. ಜೀಪು ಹುಟ್ಟಿದ್ದು ಕೆಸರು ತುಳಿಯುವುದಕ್ಕೆ, ಗಾಜಿನಂಥ ನೆಲದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕಲ್ಲ. ನಮ್ಮೂರಿನ ಮಳೆಯಲ್ಲಿಯೇ, ನಮ್ಮ ಕಣ್ಣೆದುರಿಗೇ, ಹೊರೆ ಹೊತ್ತುಕೊಂಡು ಗುಡ್ಡ ಹತ್ತುತ್ತಿರಲಿ. ಕಾಯಕ ಮಾಡುತ್ತಲೇ ಸವೆಯಲಿ. ಅಪ್ಪಯ್ಯ ಇದ್ದಿದ್ದರೂ ಹೀಗೆಯೇ ಮಾಡುತ್ತಿದ್ದರು. ಆ ಶನಿವಾರ ಊಟವಾದ ಮೇಲೆ ಇದನ್ನೆಲ್ಲ ಅಮ್ಮನಿಗೆ ವಿವರವಾಗಿ ಹೇಳಿದೆ. ತರಗತಿಯಲ್ಲಿ ಹೇಳಿದ್ದರೆ ಹುಡುಗರು ಬರೆದುಕೊಳ್ಳುತ್ತಿದ್ದರು. ಅಮ್ಮ ಅಡಿಕೆ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ಬೆಂಗ್ಳೂರಿನವ್ರು ಎಲ್ಲಿ ನಿಲ್ಲಿಸ್ತಾರಂತೆ ಅದನ್ನ?"

"ಮನೆಯ ಪಕ್ಕದಲ್ಲಿ ಶೆಡ್ಡು ಕಟ್ಟಿಸಿದ್ದಾರಂತೆ. ಇನ್ನೂ ಎರಡು ಜೀಪಿವೆಯಂತೆ."

"ಮಳೆ ಬೀಳಲ್ವಾ?"

"ಬೀಳುವುದಿಲ್ಲ."

"ಹಂಗಾದ್ರೆ ಅವ್ರಿಗೇ ಕೊಡು."

ನಾನು ನನ್ನ ವಾದವನ್ನು ಮೊದಲಿನಿಂದ ಪ್ರಾರಂಭಿಸಿದೆ. ಅಮ್ಮ ಮೆಟ್ಟುಗತ್ತಿಯನ್ನು ಪಕ್ಕಕ್ಕೆ ಸರಿಸಿದಳು.

"ಆ ಹುಡುಗನ ಮನೇಲಿ ಎರಡು ಸಣ್ಣ ಮಕ್ಳಿದಾವೆ ಮಾರಾಯ. ಹೆಂಡ್ತಿಗೆ ಮತ್ತೆ ತಿಂಗಳಾಗಿದೆ. ಆಂಬುಲೆನ್ಸು ಅವ್ನ ಗುಡ್ಡ ಹತ್ತಲ್ಲ. ಗೊಬ್ರ ಹೊರ್ಲಿಕ್ಕೆ ಅಂತ ತಗೊಂಡ್ ಹೋದ್ರೂ ರಾತ್ರೆ ಹೊತ್ತು ಏನಾದ್ರೂ ಆದ್ರೆ ಅವ್ನು ಇದನ್ನೇ ನಂಬ್ಕೊಂಡು ಹೊರಡ್ತಾನೆ. ಇದಕ್ಕೆ ಐವತ್ತೈದು ವರ್ಷ ಆಯ್ತು. ಬ್ರೇಕು ಒಂದ್ಸಲ ಹಿಡೀತದೆ, ಒಂದ್ಸಲ ಇಲ್ಲ. ನಂಬೋ ಹಾಗಿಲ್ಲದ್ದನ್ನ ನಂಬೋವ್ರ ಕೈಗೆ ಕೊಡ್ಬಾರ್ದು."

ಸ್ವಲ್ಪ ಹೊತ್ತು ಬಿಟ್ಟು, "ಅದೂ ದುಡಿದಿದ್ದು ಸಾಕು" ಎಂದಳು.

ಅವಳು ೧೯೯೧ರ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ದುಡಿಮೆಯ ವಿಷಯವಾಗಿ ನಾನು ಓದಿ ತಿಳಿದದ್ದೇ ಹೆಚ್ಚು. ಅವಳು ನಾಲ್ಕು ಗಂಟೆಗೆ ಎದ್ದು ಕೊಟ್ಟಿಗೆ ಬಳಿದು ತಿಳಿದವಳು. ದುಡಿಯುತ್ತಲೇ ಸವೆಯುವುದರಲ್ಲಿ ಒಂದು ಘನತೆಯಿದೆಯೆಂಬ ನನ್ನ ಅಭಿಪ್ರಾಯವನ್ನು ನಾನೇನೂ ಬಿಟ್ಟುಕೊಟ್ಟಿಲ್ಲ. ಆದರೆ ಕಾರ್ಡಿನ ಮೇಲಿದ್ದದ್ದು ಅವಳ ಹೆಸರು.

೨೦೨೪ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವ್ಯಾಪಾರ ಮುಗಿಯಿತು. ಹಿಂದೆ ದನದ ಜಾತ್ರೆಗಳಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು, ಪಕ್ಕದವನಿಗೂ ಗೊತ್ತಾಗುತ್ತಿರಲಿಲ್ಲ. ನಾವು ಫೋನಿನ ಮರೆಯಲ್ಲಿ ಮುಗಿಸಿದೆವು. ಬೆಲೆಯೆಷ್ಟೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಬಂಧುಗಳಲ್ಲಿ ಹಲವರು ಈ ಪುಟವನ್ನು ಓದುತ್ತಾರೆ. ಮಡ್ಗಾರ್ಡಿನ ತಗ್ಗನ್ನು ಹಾಗೆಯೇ ಬಿಡಬಹುದೇ ಎಂದು ನಾನು ಅವರನ್ನು ಮೆಲ್ಲಗೆ ಕೇಳಿದೆ. ಅವರು ಉತ್ತರ ಹೇಳುವ ಮೊದಲೇ ಅಮ್ಮ, "ತೆಗೆಸ್ಲಿ ಬಿಡು. ಚೆಂದ ಕಾಣ್ಲಿ" ಎಂದಳು. ೨೯ನೆಯ ಮತ್ತು ೩೦ನೆಯ ನಮೂನೆಗಳ ಮೇಲೆ, ನಾನು ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ, ಒಂದೊಂದೇ ಅಕ್ಷರವನ್ನು ಕೂಡಿಸಿ ರುಜು ಮಾಡಿದಳು. ಹಳೆಯ ನಂಬರು ಉಳಿಯುತ್ತದೆಯಷ್ಟೆ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಅಪ್ಪಯ್ಯ ಎಷ್ಟೋ ಚೀಟಿಗಳ ಮೇಲೆ ಬರೆಯುತ್ತಿದ್ದ ನಂಬರು ಅದು.

ಲಾರಿಗೆ ಹತ್ತಿಸುವ ಹೊತ್ತಿಗೆ ಅಮ್ಮ ಒಂದು ತಕರಾರು ತೆಗೆದಳು. ಹಿಂದಿನ ಸೀಟಿನ ಕೆಳಗೆ ದಪ್ಪನೆಯದೊಂದು ಹಗ್ಗ ಯಾವಾಗಲೂ ಇರುತ್ತಿತ್ತು. ಕೆಸರಿನಲ್ಲಿ ಹೂತ ಗಾಡಿಗಳನ್ನು ಎಳೆಯುವುದಕ್ಕೆ. ಬೆಂಗಳೂರಿನವರು ಅದನ್ನೂ ಸಾಮಾನಿನ ಜೊತೆ ಇಟ್ಟುಕೊಂಡಿದ್ದರು. ಅಮ್ಮ ಬಗ್ಗಿ ಅದನ್ನು ಎಳೆದುಕೊಂಡಳು. ನಮ್ಮ ಮನೆಯಲ್ಲಿ ದನ ಮಾರಿದರೆ ಹಗ್ಗ ಕೊಡುವ ಪದ್ಧತಿಯಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವೂ ಹ್ವಾದರೆ ಕೊಟ್ಟಿಗೆ ಬರಿದಾಗುತ್ತದೆಂದು ನಂಬಿಕೆ. ಅವರಿಗೆ ಇದನ್ನು ತಿಳಿಸಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಲಾರಿಯವನ ಹತ್ತಿರ ಬೇರೊಂದು ಹಗ್ಗ ಕೇಳಿ ಪಡೆದು ಜೀಪಿನೊಳಗೆ ಇಟ್ಟರು. ಆ ಕ್ಷಣದಲ್ಲಿ, ಜೀಪು ಯೋಗ್ಯರ ಕೈಗೆ ಹೋಯಿತೆಂದು ನನಗೂ ಅನ್ನಿಸಿತು.

ಪಕ್ಕದೂರಿನ ಹುಡುಗನಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಅವನಿಗೆ ಬೇಸರವಾಯಿತು, ದುಡ್ಡು ಹೆಚ್ಚು ಕೊಟ್ಟವರಿಗೆ ಕೊಟ್ಟರೆಂದು ಅವನು ತಿಳಿದುಕೊಂಡಿದ್ದರೂ ಇರಬಹುದು. ಜೀಪಿನ ಹಿಂದೆ ಕಟ್ಟುವ ಟ್ರೈಲರೊಂದು ನಮ್ಮಲ್ಲಿತ್ತು. ಅದನ್ನು ಅಮ್ಮ ಅವನಿಗೇ ಕೊಡಿಸಿದಳು, ದುಡ್ಡನ್ನು ಅಡಿಕೆ ಮಾರಿದ ಮೇಲೆ ಕೊಟ್ಟರೆ ಸಾಕೆಂದು. ಅವನು ಅದನ್ನು ಟಿಲ್ಲರಿಗೆ ಜೋಡಿಸಿಕೊಂಡು ಗೊಬ್ಬರ ಹೇರುತ್ತಿದ್ದಾನೆ. ಟಿಲ್ಲರನ್ನು ನಂಬಿಕೊಂಡು ರಾತ್ರಿ ಆಸ್ಪತ್ರೆಗೆ ಹೊರಡುವ ಯೋಚನೆ ಯಾರಿಗೂ ಬರುವುದಿಲ್ಲ. ಆ ವರ್ಷ ಅವನ ಹೆಂಡತಿ ಹೆರಿಗೆಗೆ ಒಂದು ತಿಂಗಳು ಮೊದಲೇ ಗುಡ್ಡ ಇಳಿದು ತಾಯಿಮನೆ ಸೇರಿದಳು. ಹಾಗೆ ಮಾಡಬೇಕೆಂದು ಹೋಗಿ ಹೇಳಿ ಬಂದವಳೂ ಅಮ್ಮನೇ.

ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮಳೆಗಾಲದ ಸೌದೆ ಒಟ್ಟಿದೆ. ಬಂದ ಹಣದಲ್ಲಿ ಮನೆಯ ಮಾಡಿನ ರೀಪು ಬದಲಾಯಿಸಿ ಹೆಂಚು ಹೊದಿಸಿದೆವು. ಆರೇಳು ತಿಂಗಳಾದ ಮೇಲೆ ಬೆಂಗಳೂರಿನವರು ಒಂದು ಚಿತ್ರ ಕಳುಹಿಸಿದರು. ಹರಿಕೇನ್ ಎಂಜಿನ್ನು ತನ್ನ ಸ್ಥಾನಕ್ಕೆ ಮರಳಿದೆ; ಮೈಗೆ ಹಸಿರು ಬಣ್ಣ; ಮಡ್ಗಾರ್ಡು ನುಣ್ಣಗಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಮುಂದಿನ ಎರಡು ಸೀಟುಗಳಿಗೂ ಹೊಸ ಬಟ್ಟೆ ಹೊಲಿಸಿದ್ದರು.

"ಸೀಟೂ ಬದ್ಲಾಯ್ಸಿದಾರೆ" ಎಂದಳು.

ನಾನು ಹೌದೆಂದೆ. ಅವಳು ಕನ್ನಡಕ ತೆಗೆದು ಮಡಿಸಿಟ್ಟು ಒಳಗೆ ಹೋದಳು. ಮುಂದಿನ ರಜದಲ್ಲಿ ಬೆಂಗಳೂರಿಗೆ ಹೋದಾಗ ಒಂದು ಸಲ ಅದನ್ನು ನೋಡಿಕೊಂಡು ಬರಬೇಕೆಂದು ಅವಳ ಆಸೆ. ಕರೆದುಕೊಂಡು ಹೋಗಬೇಕು.